ಅಡಿಕೆ ಮಂಡಿಯ ಹಳೇ ಸಾಫ್ಟ್‌ವೇರ್‌ಗೆ ಯಾವ ಬ್ರೌಸರ್ ಹಾಕಬೇಕು?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಸಾಫ್ಟ್‌ವೇರ್ ಬ್ರೌಸರ್ ಒಳಗೇ ತೆರೆಯುವಂಥದ್ದು, 2012ರಲ್ಲಿ ಮಾಡಿಸಿದ್ದು. ಇಷ್ಟು ದಿನ ವಿಂಡೋಸ್ 7 ಕಂಪ್ಯೂಟರಿನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೇಲೆ ಓಡುತ್ತಿತ್ತು. ಈ ಮಳೆಗಾಲದಲ್ಲಿ ಎರಡು ಕಂಪ್ಯೂಟರ್ ಕೆಟ್ಟವು, ಸಾಹುಕಾರರು ವಿಂಡೋಸ್ 11 ಇರುವ ಹೊಸದು ತಂದರು. ಈಗ ಬೆಳೆಗಾರರ ಹೆಸರು ಆರಿಸುವ ಕಿಟಕಿ ಬರುವುದೇ ಇಲ್ಲ. ಕನ್ನಡದ ಹೆಸರುಗಳು ಏನೇನೋ ಅಕ್ಷರವಾಗಿ ಕಾಣುತ್ತವೆ. ಬೆಳೆಗಾರರಿಗೆ ಕೊಡುವ ಲೆಕ್ಕದ ಪಟ್ಟಿ ಪ್ರಿಂಟ್ ಕೊಟ್ಟರೆ ಅರ್ಧ ಹಾಳೆಯಿಂದ ಆಚೆ ಹೋಗುತ್ತದೆ. ಒಬ್ಬರು ಕ್ರೋಮ್ ಹಾಕಿ ಅಂತಾರೆ, ಇನ್ನೊಬ್ಬರು ಫೈರ್‌ಫಾಕ್ಸ್ ಅಂತಾರೆ. ಸಾಫ್ಟ್‌ವೇರ್ ಮಾಡಿಕೊಟ್ಟವರು ಹಳೇ ಕಂಪ್ಯೂಟರನ್ನೇ ರಿಪೇರಿ ಮಾಡಿಸಿ ಅಂತಾರೆ. ಯಾವ ಬ್ರೌಸರ್ ಒಳ್ಳೆಯದು?

ಉತ್ತರ: ಮೊದಲು ನಾಳೆ ಬೆಳಗ್ಗೆ ಮಂಡಿಯಲ್ಲಿ ಪಟ್ಟಿ ಹೊರಡುವ ದಾರಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ. ಬೆಳೆಗಾರ ಎದುರಿಗೆ ಬೆಂಚಿನ ಮೇಲೆ ಕೂತಿರುವಾಗ ಕಾರಣ ಕೇಳಿಕೊಂಡು ನೀವೇನು ಮಾಡುತ್ತೀರಿ, ಅಲ್ವಾ?

ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಎಡ್ಜ್ ಆಗಲೇ ಇದೆ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್, ಅಂದರೆ ಪುಟವನ್ನು ಓದಿ ತೋರಿಸುವ ಒಳಭಾಗ, ವಿಂಡೋಸ್ 11ರಲ್ಲೂ ಒಳಗೆ ಉಳಿದುಕೊಂಡಿದೆ, ಎಡ್ಜ್ ಬೇಕಾದಾಗ ಅದನ್ನು ಕರೆಯುತ್ತದೆ. ಇದಕ್ಕೆ ಐಇ ಮೋಡ್ ಅಂತಾರೆ. ಎಡ್ಜ್ ತೆರೆದು, ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ ಡೀಫಾಲ್ಟ್ ಬ್ರೌಸರ್ ಅನ್ನುವ ಭಾಗ ಹುಡುಕಿ. ಅಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್‌ನಲ್ಲಿ ಸೈಟ್ ತೆರೆಯಲು ಬಿಡಬೇಕಾ ಅಂತ ಕೇಳುವ ಒಂದು ಸಾಲು ಇದೆ. ಅದನ್ನು ಅಲೋ ಮಾಡಿ, ಎಡ್ಜ್ ಮುಚ್ಚಿ ಮತ್ತೆ ತೆರೆಯಿರಿ. ಆಮೇಲೆ ಅದರ ಕೆಳಗೇ ಆ್ಯಡ್ ಅನ್ನುವ ಬಟನ್ ಒತ್ತಿ ನಿಮ್ಮ ಸಾಫ್ಟ್‌ವೇರ್‌ನ ವಿಳಾಸವನ್ನು ಪೂರ್ತಿಯಾಗಿ, ಒಂದಕ್ಷರ ಬಿಡದೆ ಸೇರಿಸಿ. ಈಗ ಆ ವಿಳಾಸ ತೆರೆದರೆ ಮೇಲೆ ವಿಳಾಸದ ಪಟ್ಟಿಯ ಎಡಕ್ಕೆ ಹಳೆಯ ನೀಲಿ ಇ ಗುರುತು ಕಾಣಬೇಕು. ಲಾಗಿನ್ ಆಗಿ ಒಳಗೆ ಹೋದ ಮೇಲೆ ಆ ಗುರುತು ಮಾಯವಾದರೆ ಒಳಗಿನ ಪುಟದ ವಿಳಾಸವನ್ನೂ ಹಾಗೇ ಸೇರಿಸಿ. ಪುಟ ಬಂದರೂ ಕಾಲಂಗಳು ಒಂದರ ಮೇಲೊಂದು ಬಿದ್ದಂತೆ ಕಂಡರೆ ಆ ಇ ಗುರುತಿನ ಮೇಲೆ ಒತ್ತಿ, ಕಂಪ್ಯಾಟಿಬಿಲಿಟಿ ವ್ಯೂ ಅನ್ನುವುದನ್ನು ಆನ್ ಮಾಡಿ ನೋಡಿ. 2012ರ ಸಾಫ್ಟ್‌ವೇರ್‌ಗೆ ಅದು ಬೇಕಾಗುವ ಸಾಧ್ಯತೆ ಜಾಸ್ತಿ.

ಒಂದು ವಿಷಯ ಈಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಹೀಗೆ ಕೈಯಿಂದ ಸೇರಿಸಿದ ವಿಳಾಸ 30 ದಿನ ಮಾತ್ರ ಇರುತ್ತದೆ. ಆಮೇಲೆ ಅದು ತಾನಾಗಿ ಬಿಟ್ಟುಹೋಗುತ್ತದೆ, ಮತ್ತೆ ಸೇರಿಸಬೇಕು. ಶಿವಮೊಗ್ಗದಲ್ಲಿ ನಾನು ನೋಡಿಕೊಳ್ಳುವ ಒಂದು ಮಂಡಿಯಲ್ಲಿ ಇದನ್ನು ಹೇಳುವುದು ನನಗೆ ಮರೆತುಹೋಗಿತ್ತು. ಸರಿಯಾಗಿ ಒಂದು ತಿಂಗಳಾದ ಮೇಲೆ ಬೆಳಗ್ಗೆ ಒಂಬತ್ತಕ್ಕೆ ಫೋನ್ ಬಂತು, ವೈರಸ್ ಬಂದಿದೆ ಅಂತ. ಹೊರಗೆ ಚೀಲ ಇಳಿಯುತ್ತಿದ್ದವು, ಒಳಗೆ ಹೆಸರಿನ ಕಿಟಕಿ ತೆರೆಯುತ್ತಿರಲಿಲ್ಲ. ಅವರು ಗಾಬರಿಯಲ್ಲಿ ನೆಟ್ ಕೇಬಲ್ ಕಿತ್ತು ಇಟ್ಟಿದ್ದರು. ಪಾಪ, ಅವರದ್ದೇನೂ ತಪ್ಪಿರಲಿಲ್ಲ. ನಿಮ್ಮಲ್ಲಿ ಹೀಗಾಗಬಾರದು ಅಂದರೆ, ಹೊಸ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 11 ಪ್ರೊ ಆಗಿದ್ದಲ್ಲಿ, ಕಂಪ್ಯೂಟರ್ ನೋಡುವವರ ಹತ್ತಿರ ವಿಂಡೋಸ್‌ನ ಗ್ರೂಪ್ ಪಾಲಿಸಿ ಅನ್ನುವ ಸೆಟ್ಟಿಂಗ್‌ನಲ್ಲಿ ಎಂಟರ್‌ಪ್ರೈಸ್ ಸೈಟ್ ಲಿಸ್ಟ್ ಹಾಕಿಸಿಕೊಳ್ಳಿ. ಅದೊಂದು ಚಿಕ್ಕ ಫೈಲ್. ನಿಮ್ಮ ಸಾಫ್ಟ್‌ವೇರ್‌ನ ವಿಳಾಸವನ್ನು ಅದರಲ್ಲಿ ಬರೆದಿಟ್ಟರೆ 30 ದಿನದ ಲೆಕ್ಕವೇ ಇರುವುದಿಲ್ಲ.

ಇದು ತಾತ್ಕಾಲಿಕ ಊರುಗೋಲು. ಐಇ ಮೋಡನ್ನು ಕನಿಷ್ಠ 2029ರ ತನಕ ನಡೆಸುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಹಾಗಂತ 2029ರ ತನಕ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಹಳೆಯ ಎಂಜಿನ್‌ನ ತೂತುಗಳನ್ನು ಬಳಸಿ ಕಳ್ಳರು ಕಂಪ್ಯೂಟರ್ ಒಳಗೆ ನುಗ್ಗುತ್ತಿದ್ದಾರೆ ಅಂತ 2025ರಲ್ಲಿ ಗೊತ್ತಾಯಿತು. ಜನರನ್ನು ನಂಬಿಸಿ ಒಂದು ಪುಟವನ್ನು ಐಇ ಮೋಡ್‌ನಲ್ಲಿ ತೆರೆಸುವುದು, ಅಲ್ಲಿಂದ ಒಳಗೆ ಹೋಗುವುದು, ಇದು ಅವರ ದಾರಿ. ಅದಕ್ಕೇ ಮೈಕ್ರೋಸಾಫ್ಟ್ ಸುಲಭವಾಗಿ ಒತ್ತಬಹುದಾದ ಬಟನ್ ತೆಗೆದುಹಾಕಿ, ಸೆಟ್ಟಿಂಗ್ಸ್‌ಗೇ ಹೋಗಿ ಒಂದೊಂದು ವಿಳಾಸ ಸೇರಿಸಬೇಕು ಅಂತ ಮಾಡಿತು. ಆದ್ದರಿಂದ ನಿಮ್ಮ ಮಂಡಿ ಸಾಫ್ಟ್‌ವೇರ್‌ನ ವಿಳಾಸ ಬಿಟ್ಟು ಬೇರೆ ಯಾವುದನ್ನೂ ಅಲ್ಲಿ ಸೇರಿಸಬೇಡಿ. ಯಾರಾದರೂ ಫೋನಿನಲ್ಲಿ ಹೇಳಿಕೊಟ್ಟು ಸೇರಿಸಿ ಅಂದರೂ ಬೇಡ.

ಈಗ ನಿಮ್ಮ ಮೂರು ತೊಂದರೆಗಳಿಗೆ ಬರೋಣ. ಮೂರಕ್ಕೂ ಕಾರಣ ಬೇರೆ ಬೇರೆ. ಬ್ರೌಸರ್ ಬದಲಾಯಿಸಿದರೆ ಮೂರೂ ಒಟ್ಟಿಗೆ ಸರಿಯಾಗುತ್ತವೆ ಅಂದುಕೊಂಡಲ್ಲೇ ನಾವು ಎಡವುವುದು.

ಹೆಸರು ಆರಿಸುವ ಕಿಟಕಿ ಬರುವುದಿಲ್ಲ ಅಂದಿರಲ್ಲ, ಅದನ್ನು ನೋಡದೆಯೇ ಹೆಚ್ಚುಕಡಿಮೆ ಹೇಳಬಹುದು. ಆ ಕಾಲದಲ್ಲಿ ಬರೆದ ಸಾಫ್ಟ್‌ವೇರ್‌ಗಳು ಇಂಥ ಕಿಟಕಿ ತೆರೆಯಲು ಶೋ ಮೋಡಲ್ ಡೈಲಾಗ್ ಅನ್ನುವ ಒಂದು ಆಜ್ಞೆ ಬಳಸುತ್ತಿದ್ದವು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದ ವಿಧಾನ. ಬೇರೆ ಬ್ರೌಸರ್‌ಗಳೂ ಸ್ವಲ್ಪ ಕಾಲ ಅದನ್ನು ಇಟ್ಟುಕೊಂಡಿದ್ದವು. ಕ್ರೋಮ್ 2014ರಲ್ಲಿ ಅದನ್ನು ತೆಗೆಯಿತು, ಫೈರ್‌ಫಾಕ್ಸ್ 2017ರಲ್ಲಿ ತೆಗೆಯಿತು. ಅಂದರೆ ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತು ಕೇಳಿದ್ದರೂ ಆ ಕಿಟಕಿ ಬರುತ್ತಿರಲಿಲ್ಲ. ನೀವೇ ಪರೀಕ್ಷೆ ಮಾಡಬಹುದು. ಕ್ರೋಮ್‌ನಲ್ಲಿ ಸಾಫ್ಟ್‌ವೇರ್ ತೆರೆದು ಕೀಬೋರ್ಡಿನ ಎಫ್12 ಒತ್ತಿ, ಕನ್ಸೋಲ್ ಅನ್ನುವ ಭಾಗಕ್ಕೆ ಹೋಗಿ, ಆಮೇಲೆ ಹೆಸರಿನ ಪಕ್ಕದ ಬಟನ್ ಒತ್ತಿ. ಕೆಂಪು ಸಾಲು ಬರುತ್ತದೆ. ಆ ಸಾಲಿನಲ್ಲಿ ಈ ಆಜ್ಞೆಯ ಹೆಸರಿದ್ದು, ಅಂಥದ್ದು ಇಲ್ಲ ಅಂತ ಹೇಳಿದ್ದರೆ ಕಾರಣ ಅದೇ. ಆ ಕೆಂಪು ಸಾಲಿನ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕು. ಕೆಂಪು ಸಾಲೇ ಇಲ್ಲದೆ, ವಿಳಾಸದ ಪಟ್ಟಿಯ ಬಲತುದಿಯಲ್ಲಿ ಸಣ್ಣ ಕಿಟಕಿಯ ಗುರುತು ಬಂದಿದ್ದರೆ ಮಾತ್ರ ಅದು ಪಾಪ್‌ಅಪ್ ತಡೆ. ಅದನ್ನು ಒತ್ತಿ ಯಾವಾಗಲೂ ಬಿಡು ಅಂದರೆ ಆಯಿತು.

ಮಾಡಿಕೊಟ್ಟವರು ಇದನ್ನು ಯಾಕೆ ಒಂದೇ ದಿನದಲ್ಲಿ ಸರಿಮಾಡುವುದಿಲ್ಲ ಅಂತ ನೀವು ಕೇಳಬಹುದು. ಸಿಟ್ಟು ಬರುವುದು ಸಹಜ, ಆದರೆ ಅವರ ಕಡೆಗೂ ಸ್ವಲ್ಪ ನ್ಯಾಯ ಇದೆ. ನೀವು ತೂಕದವನನ್ನು ಕೂಗಿ ಈ ಚೀಲ ಎಷ್ಟು ಅಂತ ಕೇಳಿ, ಅವನು ಹೇಳುವ ತನಕ ಪೆನ್ನು ಹಿಡಿದುಕೊಂಡು ಅಲ್ಲೇ ಕಾಯುತ್ತೀರಿ. ಹಳೆಯ ಆಜ್ಞೆ ಹಾಗೇ ಕೆಲಸ ಮಾಡುತ್ತಿತ್ತು. ಹೆಸರು ಆರಿಸಿ ಕಿಟಕಿ ಮುಚ್ಚುವ ತನಕ ಪ್ರೋಗ್ರಾಂ ಅಲ್ಲೇ ನಿಂತಿರುತ್ತಿತ್ತು. ಹೊಸ ವಿಧಾನದಲ್ಲಿ ಪ್ರೋಗ್ರಾಂ ನಿಲ್ಲುವುದಿಲ್ಲ. ಚೀಟಿಯಲ್ಲಿ ತೂಕ ಬಂದಾಗ ಇಲ್ಲಿಂದ ಮುಂದೆ ಬರೆ ಅಂತ ಮೊದಲೇ ಹೇಳಿಟ್ಟು ಮುಂದಿನ ಕೆಲಸಕ್ಕೆ ಹೋಗಬೇಕು. ಹಾಗಾಗಿ ಆ ಒಂದು ಸಾಲು ಅಳಿಸಿ ಇನ್ನೊಂದು ಬರೆದರೆ ಮುಗಿಯುವುದಿಲ್ಲ, ಅದರ ನಂತರದ ಸಾಲುಗಳನ್ನೆಲ್ಲ ಬಿಡಿಸಿ ಜೋಡಿಸಬೇಕು. ಹೆಸರು, ಲಾಟು, ಮುಂಗಡ, ಖರೀದಿದಾರ, ಹೀಗೆ ಎಷ್ಟು ಕಡೆ ಕಿಟಕಿ ತೆರೆಯುತ್ತದೋ ಅಷ್ಟು ಕಡೆಯೂ ಆಗಬೇಕು. ಕೆಲಸ ಇದೆ, ನಿಜ. ಆದರೆ ಆಗದ ಕೆಲಸ ಅಲ್ಲ. ಇದೇ ಕೆಲಸಕ್ಕೆ ಡೈಲಾಗ್ ಅನ್ನುವ ಹೊಸ ಸೌಲಭ್ಯ 2022ರ ಮಾರ್ಚ್ ಹೊತ್ತಿಗೆ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ನಾಲ್ಕರಲ್ಲೂ ಬಂದಿತ್ತು. 2012ರಲ್ಲಿ ಬರೆದವರಿಗೆ ಮುಂದೆ ಹೀಗಾಗುತ್ತದೆ ಅಂತ ಗೊತ್ತಿರದೆ ಇದ್ದಿರಬಹುದು. ಇಷ್ಟು ವರ್ಷ ನಿರ್ವಹಣೆಯ ಹಣ ತೆಗೆದುಕೊಂಡು ಮುಟ್ಟದೆ ಬಿಟ್ಟಿದ್ದರೆ ಅದು ಸರಿಯಲ್ಲ. ಅಷ್ಟನ್ನು ನಾನು ಖಂಡಿತ ಹೇಳುತ್ತೇನೆ.

ಎರಡನೆಯದು ಕನ್ನಡದ ಹೆಸರು. ಇದು ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಆ ದಿನಗಳಲ್ಲಿ ನುಡಿ, ಬರಹ ತರಹದ ಫಾಂಟ್‌ಗಳಲ್ಲಿ ಕನ್ನಡ ಕೂರಿಸುತ್ತಿದ್ದರು. ಕಂಪ್ಯೂಟರ್ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಮೇಲೆ ಕಾಣುತ್ತಿದ್ದುದು ಕನ್ನಡದ ಆಕಾರ. ಫಾಂಟ್ ಅನ್ನುವ ಮುಖವಾಡ ತೆಗೆದರೆ ಕೆಳಗಿನ ಅಡ್ಡಾದಿಡ್ಡಿ ಅಕ್ಷರ ಕಾಣುತ್ತದೆ. ನಿಮಗೆ ಈಗ ಕಾಣುತ್ತಿರುವುದು ಅದೇ. ಡೇಟಾ ಹಾಳಾಗಿಲ್ಲ, ಹೆದರಬೇಡಿ. ಹಳೆಯ ಕಂಪ್ಯೂಟರಿನಲ್ಲಿ ಆ ಫಾಂಟ್ ಹಾಕಿಟ್ಟಿದ್ದರು, ಹೊಸದರಲ್ಲಿ ಇಲ್ಲ, ಅಷ್ಟೇ ಇರಬಹುದು. ಮೊದಲು ಹಳೆಯದರ ಹಾರ್ಡ್ ಡಿಸ್ಕಿನಿಂದ ಅದೇ ಫಾಂಟ್ ಫೈಲ್ ತಂದು ಹೊಸದರಲ್ಲಿ ಹಾಕಿ ನೋಡಿ. ಐದು ನಿಮಿಷದ ಕೆಲಸ. ಅದಕ್ಕೂ ಸರಿಯಾಗದಿದ್ದರೆ, ಸಾಫ್ಟ್‌ವೇರ್ ತನ್ನ ಜೊತೆಗೇ ಫಾಂಟ್ ಕಳಿಸುತ್ತಿದ್ದಿರಬಹುದು, ಇಓಟಿ ಅನ್ನುವ ರೂಪದಲ್ಲಿ. ಆ ರೂಪವನ್ನು ಓದುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ಅದನ್ನು ಯಾವತ್ತೂ ಓದಲಿಲ್ಲ. ಐಇ ಮೋಡ್‌ನಲ್ಲಿ ಅದು ಮತ್ತೆ ಕಾಣುವ ಸಾಧ್ಯತೆ ಇದೆ.

ಇವೆರಡೂ ಸದ್ಯಕ್ಕೆ. ನಿಜವಾದ ಪರಿಹಾರ ಅಂದರೆ ಎಲ್ಲ ಹೆಸರುಗಳನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸುವುದು. ಆಗ ಯಾವ ಬ್ರೌಸರ್, ಯಾವ ಮೊಬೈಲ್ ಆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಬದಲಾಯಿಸುವ ತಂತ್ರಾಂಶಗಳಿವೆ, ಆದರೆ ಬದಲಾಯಿಸಿದ ಮೇಲೆ ಕಣ್ಣಿಟ್ಟು ನೋಡಬೇಕು. ಅರ್ಕಾವತ್ತು ಇರುವ ಹೆಸರುಗಳೇ ಮೊದಲು ಕೈಕೊಡುವುದು. ನಿಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ತೀರ್ಥಹಳ್ಳಿ ಅನ್ನುವಾಗ ಬಾಯಲ್ಲಿ ಮೊದಲು ಬರುವುದು ರ, ಆಮೇಲೆ ಥ. ಯೂನಿಕೋಡ್ ಕೂಡ ಅದೇ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ, ಮೊದಲು ಥ ಬರೆದು ಆಮೇಲೆ ಅರ್ಕಾವತ್ತಿನ ಕೊಂಡಿ. ಬದಲಾಯಿಸುವ ತಂತ್ರಾಂಶ ಇವೆರಡನ್ನು ಹಿಂದುಮುಂದು ಮಾಡದಿದ್ದರೆ ಊರಿನ ಹೆಸರೇ ಕೆಡುತ್ತದೆ. ಸೂರ್ಯನಾರಾಯಣ, ಧರ್ಮಪ್ಪ, ಪಾರ್ವತಮ್ಮ, ಇಂಥ ಹೆಸರುಗಳನ್ನು ಒಂದೊಂದಾಗಿ ಓದಿ ನೋಡಿ. ಪಟ್ಟಿಯ ಮೇಲೆ ತನ್ನ ಹೆಸರು ತಪ್ಪಾಗಿದ್ದರೆ ಬೆಳೆಗಾರರಿಗೆ ಬೇಸರ ಆಗುತ್ತದೆ. ಅದು ಬ್ಯಾಂಕಿಗೆ ತೋರಿಸುವ ಕಾಗದ ಬೇರೆ.

ಪ್ರಿಂಟ್ ವಿಷಯ. ನಿಮ್ಮಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಉದ್ದದ ಮಡಚಿದ ಹಾಳೆ, ಕಾರ್ಬನ್ ಕಾಪಿ ಇರಬೇಕು ಅಂತ ಊಹಿಸುತ್ತೇನೆ, ಮಂಡಿಗಳಲ್ಲಿ ಇನ್ನೂ ಅದೇ ಜಾಸ್ತಿ. ಹಳೆಯ ಸಾಫ್ಟ್‌ವೇರ್ ಆಕ್ಟಿವ್‌ಎಕ್ಸ್ ಅನ್ನುವ ಒಂದು ತುಂಡನ್ನು ಕಂಪ್ಯೂಟರಿಗೆ ಇಳಿಸಿ, ಅದರ ಮೂಲಕ ಪ್ರಿಂಟರಿಗೆ ನೇರವಾಗಿ ಅಕ್ಷರ ಕಳಿಸುತ್ತಿತ್ತು. ಇವತ್ತಿನ ಯಾವ ಬ್ರೌಸರ್ ಕೂಡ ಪುಟವೊಂದಕ್ಕೆ ಅಷ್ಟು ಸಲಿಗೆ ಕೊಡುವುದಿಲ್ಲ. ಕೊಡಬಾರದು ಕೂಡ. ಹಾಗೆ ಒಳಗೆ ಬಿಟ್ಟಿದ್ದರಿಂದಲೇ ಹಿಂದೆ ಅಷ್ಟೊಂದು ವೈರಸ್ ಹರಡಿದ್ದು. ಈಗ ಬ್ರೌಸರ್ ಪುಟವನ್ನು ಚಿತ್ರದಂತೆ ಮಾಡಿ ಪ್ರಿಂಟರಿಗೆ ಕೊಡುತ್ತದೆ. ಅದಕ್ಕೇ ನಿಧಾನ, ಅದಕ್ಕೇ ಅಳತೆ ತಪ್ಪುವುದು.

ಐಇ ಮೋಡ್‌ನಲ್ಲಿ ಆಕ್ಟಿವ್‌ಎಕ್ಸ್ ನಡೆಯುತ್ತದೆ, ಆದರೆ ಆ ತುಂಡನ್ನು ಹೊಸ ಕಂಪ್ಯೂಟರಿನಲ್ಲಿ ಮತ್ತೆ ಹಾಕಬೇಕು. ಅದರ ಫೈಲ್ ಮಾಡಿಕೊಟ್ಟವರಿಂದಲೇ ಕೇಳಿ ಪಡೆಯಿರಿ, ಎಲ್ಲೆಲ್ಲಿಂದಲೋ ಇಳಿಸಬೇಡಿ. ಅದು ಸಿಗದಿದ್ದರೆ ಹೀಗೆ ಮಾಡಿ: ವಿಂಡೋಸ್‌ನ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹಾಳೆಯ ಅಳತೆಯದ್ದೇ ಒಂದು ಹೊಸ ಫಾರ್ಮ್ ಮಾಡಿ, ಸ್ಕೇಲ್ ಇಟ್ಟು ಅಳೆದು, ಸುಮ್ನೆ ಅಂದಾಜಿಗೆ ಬೇಡ. ಪ್ರಿಂಟ್ ಕೊಡುವಾಗ ಆ ಅಳತೆ ಆರಿಸಿ, ಅಂಚು ಇಲ್ಲ ಅಂತ ಇಡಿ, ಸ್ಕೇಲ್ 100 ಇರಲಿ, ಹೆಡರ್ಸ್ ಮತ್ತು ಫುಟರ್ಸ್ ಅನ್ನುವ ಟಿಕ್ ತೆಗೆಯಿರಿ. ಆ ಟಿಕ್ ಇದ್ದರೆ ದಿನಾಂಕ, ವಿಳಾಸದ ಸಾಲು ಮೇಲೆ ಕೆಳಗೆ ಸೇರಿಕೊಂಡು ಪಟ್ಟಿ ಒಂದು ಸಾಲು ಕೆಳಗೆ ಜಾರುತ್ತದೆ, ಒಟ್ಟು ಮೊತ್ತ ಮುಂದಿನ ಹಾಳೆಗೆ ಹೋಗುತ್ತದೆ. ಮುಂದೆ ಸಾಫ್ಟ್‌ವೇರ್ ಬದಲಾಯಿಸುವಾಗ ಕ್ಯೂಝಡ್ ಟ್ರೇ ತರಹದ ಸಹಾಯಕ ಪ್ರೋಗ್ರಾಂ ಜೋಡಿಸಿಕೊಡಿ ಅಂತ ಕೇಳಿ. ಅದು ಕಂಪ್ಯೂಟರಿನಲ್ಲಿ ಹಿನ್ನೆಲೆಯಲ್ಲಿ ಕೂತು, ಬ್ರೌಸರ್ ಕೊಟ್ಟ ಅಕ್ಷರವನ್ನು ಹಳೆಯ ವೇಗದಲ್ಲೇ ಪ್ರಿಂಟರಿಗೆ ದಾಟಿಸುತ್ತದೆ.

ಇನ್ನು ನೀವು ನಿಜವಾಗಿ ಕೇಳಿದ್ದಕ್ಕೆ ಬರುತ್ತೇನೆ, ಕ್ರೋಮಾ ಫೈರ್‌ಫಾಕ್ಸಾ? ಹೆಸರು ಹತ್ತಾರು ಇದ್ದರೂ ಒಳಗಿನ ಎಂಜಿನ್ ಲೆಕ್ಕದಲ್ಲಿ ಉಳಿದಿರುವುದು ಮುಖ್ಯವಾಗಿ ಮೂರು. ಎಡ್ಜ್ 2020ರ ಜನವರಿಯಿಂದ ಕ್ರೋಮ್ ನಿಂತಿರುವ ಕ್ರೋಮಿಯಂ ಅನ್ನುವ ತಳಹದಿಯ ಮೇಲೆಯೇ ನಿಂತಿದೆ. ಒಪೇರಾ, ಬ್ರೇವ್, ವಿವಾಲ್ಡಿ ಕೂಡ ಅದರ ಮೇಲೆಯೇ. ಫೈರ್‌ಫಾಕ್ಸ್‌ಗೆ ತನ್ನದೇ ಎಂಜಿನ್ ಇದೆ, ಆ್ಯಪಲ್‌ನ ಸಫಾರಿಗೆ ಇನ್ನೊಂದು. ಹಾಗಾಗಿ ಕ್ರೋಮ್‌ನಲ್ಲಿ ನಡೆಯದ ಸಾಫ್ಟ್‌ವೇರ್ ಬ್ರೇವ್‌ನಲ್ಲಿ ನಡೆಯುತ್ತದೇನೋ ಅಂತ ಹುಡುಕುತ್ತಾ ಒಂದು ಮಧ್ಯಾಹ್ನ ಕಳೆಯಬೇಡಿ.

ನನ್ನ ಅಭಿಪ್ರಾಯ ಹೀಗಿದೆ. ಮಂಡಿಯ ಎಲ್ಲ ಕಂಪ್ಯೂಟರಿನಲ್ಲೂ ಕೆಲಸಕ್ಕೆ ಎಡ್ಜ್ ಒಂದನ್ನೇ ಇಡಿ. ಐಇ ಮೋಡ್ ಸಿಗುವುದು ಅದರಲ್ಲಿ ಮಾತ್ರ, ನಿಮಗೆ ಸದ್ಯಕ್ಕೆ ಅದು ಬೇಕೇ ಬೇಕು. ಜೊತೆಗೆ ಫೈರ್‌ಫಾಕ್ಸ್ ಒಂದು ಇರಲಿ. ಏನಾದರೂ ಕೈಕೊಟ್ಟಾಗ ಅದರಲ್ಲೂ ತೆರೆದು ನೋಡಿದರೆ ತಪ್ಪು ಬ್ರೌಸರಿನದ್ದಾ, ನೆಟ್ಟಿನದ್ದಾ, ಸರ್ವರಿನದ್ದಾ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಯೂಟ್ಯೂಬ್, ವಾಟ್ಸ್‌ಆ್ಯಪ್ ಎಲ್ಲ ಅದರಲ್ಲೇ ನೋಡಲಿ. ಲೆಕ್ಕದ ಬ್ರೌಸರಿಗೆ ಎಕ್ಸ್‌ಟೆನ್ಶನ್ ಯಾವುದೂ ಸೇರಿಸಬೇಡಿ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಮೂವರು ಕೂರುತ್ತಿದ್ದರೆ ಪಾಸ್‌ವರ್ಡ್ ಉಳಿಸಬೇಕಾ ಅಂತ ಕೇಳಿದಾಗ ಬೇಡ ಅನ್ನಿ.

ಹಳೇ ಕಂಪ್ಯೂಟರ್ ರಿಪೇರಿ ಮಾಡಿಸಿ ಅನ್ನುವ ಸಲಹೆ ನನಗೆ ಒಪ್ಪಿಗೆ ಇಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಅದರಲ್ಲಿ ಓಡುವ ಕೊನೆಯ ಕ್ರೋಮ್ ಅಂದರೆ 109, ಕೊನೆಯ ಎಡ್ಜ್ ಕೂಡ 109, ಅಲ್ಲಿಂದ ಮುಂದಕ್ಕೆ 2023ರಿಂದ ಇಲ್ಲ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್, ಜಿಎಸ್‌ಟಿ ಪುಟಗಳು ಇವತ್ತು ತೆರೆದರೂ ನಾಳೆ ತೆರೆಯುತ್ತವೆ ಅಂತ ಹೇಳಲಾಗದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನೇ ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿವೃತ್ತಿ ಮಾಡಿದೆ, 2023ರ ಫೆಬ್ರುವರಿಯಲ್ಲಿ ವಿಂಡೋಸ್ 10ರ ಎಷ್ಟೋ ಕಂಪ್ಯೂಟರುಗಳಲ್ಲಿ ಅದನ್ನು ತೆರೆದರೆ ಎಡ್ಜ್ ತೆರೆಯುವ ಹಾಗೆ ಮಾಡಿತು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಹುಕಾರರು ಹೊಸದು ತಂದಿದ್ದು ಸರಿಯಾದ ಕೆಲಸ. ಹಳೆಯದನ್ನು ಎಸೆಯಬೇಡಿ ಮಾತ್ರ. ಎರಡರಲ್ಲಿ ಒಂದು ಜೀವ ಹಿಡಿದುಕೊಂಡರೆ ನೆಟ್ ಕೇಬಲ್ ತೆಗೆದು, ಹೋಲಿಸಿ ನೋಡಲು ಮತ್ತು ಆ ಫಾಂಟ್ ಹುಡುಕಲು ಇಟ್ಟುಕೊಳ್ಳಿ.

ನೀವು ಕೇಳದೇ ಇದ್ದರೂ ಎರಡು ಮಾತು ಹೇಳಲೇಬೇಕು.

ಒಂದು ದಿನಾಂಕ. ಹಳೆಯ ಬ್ರೌಸರಿನಲ್ಲಿ ದಿನಾಂಕವನ್ನು ನೀವೇ ಟೈಪ್ ಮಾಡುತ್ತಿದ್ದಿರಿ. ಹೊಸ ಬ್ರೌಸರ್‌ಗಳು ಕ್ಯಾಲೆಂಡರ್ ತೋರಿಸುತ್ತವೆ, ಮತ್ತು ಬ್ರೌಸರಿನ ಭಾಷೆ, ವಿಂಡೋಸ್‌ನ ರೀಜನ್ ಏನಿದೆ ಅಂತ ನೋಡಿಕೊಂಡು ದಿನ ಮೊದಲೋ ತಿಂಗಳು ಮೊದಲೋ ಅಂತ ನಿರ್ಧರಿಸುತ್ತವೆ. ಹೊಸ ಕಂಪ್ಯೂಟರ್ ಅಮೆರಿಕದ ಇಂಗ್ಲಿಷ್‌ನಲ್ಲಿ ಬಂದಿರುವುದು ಸಾಮಾನ್ಯ. ಒಂದು ಕಡೆ ನಾನು ಕಣ್ಣಾರೆ ನೋಡಿದ್ದೇನೆ, ಡಿಸೆಂಬರ್ 3ರ ಲಾಟು ಮಾರ್ಚ್ 12ಕ್ಕೆ ಹೋಗಿ ಕೂತಿತ್ತು. ತಿಂಗಳ ಕೊನೆಗೆ ಮೊತ್ತ ತಾಳೆ ಆಗದೆ ರೈಟರು ಎರಡು ರಾತ್ರಿ ಕೂತು ಹುಡುಕಿದರು. ದಿನ 12ಕ್ಕಿಂತ ಜಾಸ್ತಿ ಇದ್ದರೆ ಕಂಪ್ಯೂಟರ್ ತಾನೇ ತಪ್ಪು ಅನ್ನುತ್ತದೆ. 1ರಿಂದ 12ರ ಒಳಗಿನ ತಾರೀಕುಗಳೇ ಸದ್ದಿಲ್ಲದೆ ಅದಲುಬದಲಾಗುವುದು. ವಿಂಡೋಸ್‌ನಲ್ಲಿ ರೀಜನ್ ಇಂಡಿಯಾ, ಇಂಗ್ಲಿಷ್ ಇಂಡಿಯಾ ಅಂತ ಇಡಿ, ಎಡ್ಜ್‌ನ ಭಾಷೆಯಲ್ಲೂ ಅದನ್ನೇ ಮೇಲೆ ತನ್ನಿ. ಎಲ್ಲ ಕಂಪ್ಯೂಟರಿನಲ್ಲೂ.

ಇನ್ನೊಂದು ಡಿಜಿಟಲ್ ಸಹಿ. ಜಿಎಸ್‌ಟಿ ರಿಟರ್ನ್‌ಗೆ ಪೆನ್ ಡ್ರೈವ್ ತರಹದ ಟೋಕನ್ ಬಳಸುವವರಾದರೆ ಹೊಸ ಕಂಪ್ಯೂಟರಿನಲ್ಲಿ ಟೋಕನ್‌ನ ಡ್ರೈವರ್, ಸಹಿ ಹಾಕಿಸುವ ಎಮ್‌ಸೈನರ್ ಅನ್ನುವ ಪ್ರೋಗ್ರಾಂ ಎರಡನ್ನೂ ಹಾಕಬೇಕು. ಮೊದಲೆಲ್ಲ ಈ ಸಹಿಗಳು ಬ್ರೌಸರ್ ಒಳಗಿನ ಜಾವಾ ತುಂಡಿನಲ್ಲಿ ನಡೆಯುತ್ತಿದ್ದವು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಅಂಥ ತುಂಡುಗಳನ್ನು ನಿಲ್ಲಿಸಿದವು. ಈಗ ಎಮ್‌ಸೈನರ್ ನಿಮ್ಮ ಕಂಪ್ಯೂಟರಿನಲ್ಲೇ ಬೇರೆಯಾಗಿ ಓಡುತ್ತದೆ, ಬ್ರೌಸರ್ ಅದರ ಜೊತೆ 127.0.0.1 ಅನ್ನುವ ಒಳವಿಳಾಸದಲ್ಲಿ ಮಾತಾಡುತ್ತದೆ. ಎಷ್ಟೋ ಸಲ ಬ್ರೌಸರ್ ಆ ವಿಳಾಸವನ್ನು ನಂಬದೆ ತಡೆದು ನಿಲ್ಲಿಸಿರುತ್ತದೆ. ಅದೇ ವಿಳಾಸವನ್ನು ಎಮ್‌ಸೈನರ್ ಬಳಸುವ ಪೋರ್ಟ್ ಸಂಖ್ಯೆಯ ಜೊತೆ ಒಮ್ಮೆ ತೆರೆದು, ಎಚ್ಚರಿಕೆ ಬಂದಾಗ ಮುಂದುವರಿಸು ಅಂತ ಒತ್ತಿದರೆ ದಾರಿ ಬಿಡುತ್ತದೆ. ಇಂಥ ಎಚ್ಚರಿಕೆಯನ್ನು ನಿಮ್ಮದೇ ಕಂಪ್ಯೂಟರಿನ ಈ ವಿಳಾಸಕ್ಕೆ ಮಾತ್ರ ದಾಟಬಹುದು, ಹೊರಗಿನ ಯಾವ ಸೈಟಿಗೂ ಬೇಡ. ಈಚಿನ ಕ್ರೋಮ್ ಲೋಕಲ್ ನೆಟ್‌ವರ್ಕ್ ಬಳಸಲು ಬಿಡಬೇಕಾ ಅಂತಲೂ ಕೇಳುತ್ತದೆ. ಗೊತ್ತಿಲ್ಲದೆ ಬ್ಲಾಕ್ ಒತ್ತಿದ್ದರೆ ಸಹಿ ಆಗುವುದಿಲ್ಲ. ಮಂಡಿ ಸಾಹುಕಾರರ ಸ್ವಂತ ಹೆಸರಿನ ವ್ಯವಹಾರವಾಗಿದ್ದು, ಕಂಪನಿ ಅಥವಾ ಎಲ್ಎಲ್‌ಪಿ ಅಲ್ಲದಿದ್ದರೆ ಈ ಟೋಕನ್ ಗೊಡವೆಯೇ ಬೇಡ, ಓಟಿಪಿಯಿಂದ ಆಗುತ್ತದೆ.

ಈಗ ಮಾಡಿಕೊಟ್ಟವರ ಜೊತೆ ಮಾತು. ಜಗಳಕ್ಕೆ ಹೋಗಬೇಡಿ, ಫೋನಿನಲ್ಲೂ ಬೇಡ. ಆ ಕೆಂಪು ಸಾಲಿನ ಫೋಟೋ ಹಾಕಿ ಕಾಗದದಲ್ಲೋ ಮೇಲ್‌ನಲ್ಲೋ ಕೇಳಿ: ಯಾವ ಯಾವ ಪುಟ ಐಇ ಮೋಡ್ ಇಲ್ಲದೆ ನಡೆಯುವುದಿಲ್ಲ, ಅದನ್ನು ಇವತ್ತಿನ ಎಡ್ಜ್, ಕ್ರೋಮ್, ಫೈರ್‌ಫಾಕ್ಸ್ ಮೂರರಲ್ಲೂ ನಡೆಯುವ ಹಾಗೆ ಯಾವ ತಾರೀಕಿನೊಳಗೆ ಮಾಡುತ್ತೀರಿ, ಖರ್ಚು ಎಷ್ಟು, ಹೆಸರುಗಳನ್ನು ಯೂನಿಕೋಡ್‌ಗೆ ಯಾರು ಬದಲಾಯಿಸುತ್ತಾರೆ. ಕೆಲಸ ಆಗಲಿ ಬಿಡಲಿ, ನಮ್ಮ ಡೇಟಾದ ಪೂರ್ತಿ ಪ್ರತಿ ನಮಗೆ ಕೊಡಿ ಅಂತಲೂ ಸೇರಿಸಿ. ಅದು ನಿಮ್ಮ ಹಕ್ಕು, ನಿಮ್ಮ ಬೆಳೆಗಾರರ ಲೆಕ್ಕ ಅದು. ಅವರು ತಾರೀಕು ಕೊಡದೆ ಎಳೆದಾಡಿದರೆ ಬೇರೆಯವರನ್ನು ಹುಡುಕುವ ಸಮಯ ಬಂದಿದೆ ಅಂತಲೇ ತಿಳಿಯಿರಿ. ಹೊಸಬರ ಹತ್ತಿರವೂ ಮೊದಲು ಕೇಳಬೇಕಾದ್ದು ಇದನ್ನೇ. ನಮ್ಮ ಸಾಫ್ಟ್‌ವೇರ್ ಕ್ರೋಮ್‌ನಲ್ಲಿ ಮಾತ್ರ ನಡೆಯುತ್ತದೆ ಅಂತ ಹೆಮ್ಮೆಯಿಂದ ಹೇಳುವವರು ಇದ್ದಾರೆ. 2012ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಗ್ಗೆ ಹೀಗೇ ಹೇಳುತ್ತಿದ್ದರು. ಅವರ ಎದುರಿಗೇ ಫೈರ್‌ಫಾಕ್ಸ್ ತೆರೆದು ಒಂದು ಪಟ್ಟಿ ಮಾಡಿ ತೋರಿಸಿ ಅನ್ನಿ.

ಮಲೆನಾಡಿನಲ್ಲಿ ಇನ್ನೊಂದನ್ನೂ ನೋಡಲೇಬೇಕು, ನೆಟ್ ಮತ್ತು ಕರೆಂಟ್. ಆಗುಂಬೆ ಕಡೆಯಿಂದ ಮಳೆ ಹಿಡಿದರೆ ಎರಡೂ ಯಾವಾಗ ಹೋಗುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸರ್ವರ್ ಮಂಡಿಯಲ್ಲೇ ಇದ್ದರೆ ಅದಕ್ಕೂ ನೆಟ್‌ವರ್ಕ್ ಸ್ವಿಚ್ಚಿಗೂ ಯುಪಿಎಸ್ ಇರಲಿ, ಕೆಲಸ ನಡೆಯುತ್ತದೆ. ಸರ್ವರ್ ದೂರದಲ್ಲಿದ್ದರೆ ಒಂದು ಮೊಬೈಲ್ ಹಾಟ್‌ಸ್ಪಾಟ್ ಬೇರೆ ಕಂಪನಿಯ ಸಿಮ್ಮಿನದ್ದು ಇಟ್ಟುಕೊಳ್ಳಿ. ಬ್ರೌಸರ್ ಅಪ್‌ಡೇಟ್ ನಿಲ್ಲಿಸಬೇಡಿ, ಸಂಜೆ ಬಾಗಿಲು ಹಾಕುವ ಮೊದಲು ಎಡ್ಜ್ ಒಮ್ಮೆ ಮುಚ್ಚಿ ತೆರೆಯುವ ಅಭ್ಯಾಸ ಇಟ್ಟುಕೊಂಡರೆ ಅದು ಆಗ ಸೇರಿಕೊಳ್ಳುತ್ತದೆ, ಟೆಂಡರ್ ಹೊತ್ತಿಗೆ ತೊಂದರೆ ಕೊಡುವುದಿಲ್ಲ.

ಇಷ್ಟೂ ಮಾಡಿದ ಮೇಲೆ, ಕೊನೆಕೊಯ್ಲು ಮುಗಿದು ಮಾಲು ಬರುವುದಕ್ಕೆ ಮೊದಲು ಒಂದು ಭಾನುವಾರ ಕೂತು ಪರೀಕ್ಷೆ ಮಾಡಿ. ಕಳೆದ ವರ್ಷದ ಹತ್ತು ಪಟ್ಟಿ ತೆಗೆದುಕೊಳ್ಳಿ. ಅಡಿಕೆಯ ರಾಶಿ, ಬೆಟ್ಟೆ, ಸರಕು, ಗೊರಬಲು ನಾಲ್ಕು ಬಗೆಯೂ ಇರಲಿ. ಒಂದರಲ್ಲಿ ಮುಂಗಡ ಕಳೆದಿರಬೇಕು, ಒಂದರಲ್ಲಿ ಹಮಾಲಿ ಬೇರೆ ಇರಬೇಕು, ಒಂದು ಹೆಸರಿನಲ್ಲಿ ಅರ್ಕಾವತ್ತು ಇರಬೇಕು, ಒಂದರ ತಾರೀಕು 12ರ ಒಳಗಿರಬೇಕು. ನಿಜವಾದ ಲೆಕ್ಕದಲ್ಲಿ ಸೇರದ ಹಾಗೆ, ಪರೀಕ್ಷೆಗೆ ಅಂತ ಮಾಡಿಸಿಕೊಂಡ ಬೇರೆ ಖಾತೆಯಲ್ಲಿ ಚೀಲದ ತೂಕದಿಂದ ಹಿಡಿದು ಪ್ರಿಂಟ್ ತನಕ ಹತ್ತನ್ನೂ ಹೊಸ ಕಂಪ್ಯೂಟರಿನಲ್ಲಿ ಮಾಡಿ, ಹಳೆಯ ಕಾಗದದ ಪಕ್ಕ ಇಟ್ಟು ಪೈಸೆ ಪೈಸೆ ತಾಳೆ ನೋಡಿ. ತಾಳೆಯಾಗದ ಪಟ್ಟಿ ಸಿಕ್ಕರೆ, ಬೆಳೆಗಾರರ ಹೆಸರು ಮುಚ್ಚಿ ಅದರ ಫೋಟೋ ಮತ್ತು ಎಫ್12ರ ಕೆಂಪು ಸಾಲು ನನಗೆ ಕಳಿಸಿ, ನೋಡಿ ಹೇಳುತ್ತೇನೆ.